ಒಂದೇ ಹೆಲ್ಮೆಟ್

ಹೆಲ್ಮೆಟ್ ಹಾಕಿಕೊಂಡ ಮೇಧಿನಿ ಮೊದಲು ಮಾಡಿದ ಕೆಲಸವೆಂದರೆ ಧರ್ಮೇಶನ ಕೆನ್ನೆಗೆ ಬಾರಿಸಿದ್ದು.

ಪಾಪ, ಬೇಕೆಂದು ಹೊಡೆದದ್ದಲ್ಲ. ಹೆಲ್ಮೆಟ್ಟಿನೊಳಗಿನ ಪುಟ್ಟ ಪರದೆಗಳಲ್ಲಿ ಹಳೇಬೀಡಿನ ಕಲ್ಲಾನೆ ಕಂಡಿತ್ತು. ಸೊಂಡಿಲು ಮುಟ್ಟಲು ಕೈ ಬೀಸಿದಳು. ಸೊಂಡಿಲಿರಬೇಕಾದ ಜಾಗದಲ್ಲಿ ಅವನ ಮುಖವಿತ್ತು.

"ಅಯ್ಯೋ! ಸಾರಿ ರೀ, ನಿಮಗೆ ಬಿತ್ತಾ?"

"ಇಲ್ಲ, ಆನೆಗೆ ಬಿತ್ತು," ಎಂದ ಅವನು ಕೆನ್ನೆ ಉಜ್ಜಿಕೊಳ್ಳುತ್ತ. "ಇನ್ನೊಂದು ಕೆನ್ನೆನೂ ಐತೆ, ನಿಧಾನಕ್ಕೆ ನೋಡ್ಕೊಳ್ಳಿ."

ಹೆಲ್ಮೆಟ್ಟಿನ ಕೆಳಗೆ ಅವಳ ತುಟಿ ಮಾತ್ರ ಕಾಣುತ್ತಿತ್ತು. ಆ ತುಟಿ ನಕ್ಕಿತು. ಅಷ್ಟಕ್ಕೇ ನಮ್ಮ ಗಂಡಸಿ ಊರಿನ ಹುಡುಗ ಧರ್ಮೇಶ ಕೆಟ್ಟ.

ಇದು ತೊಂಬತ್ತೆಂಟರ ಮಾತು. ಅರಸೀಕೆರೆಯಲ್ಲಿ ಕಂಪ್ಯೂಟರ್ ಸೆಂಟರ್ ಇಟ್ಟಿದ್ದ ಏಕಾಂತಯ್ಯ, ಒಂದು ಪ್ರದರ್ಶನಕ್ಕೆಂದು ಹಳೇಬೀಡಿನ ಗುಡಿಯ ಗೋಡೆಯನ್ನು ನಿಂತಲ್ಲೇ ಸುತ್ತಿ ನೋಡುವಂಥ ಪ್ರೋಗ್ರಾಮ್ ಮಾಡಿಕೊಡುವುದಾಗಿ ಒಪ್ಪಿಕೊಂಡಿದ್ದರು. ಮಾಡಬೇಕಾದವರು ಇವರಿಬ್ಬರು.

"ಹೆಲ್ಮೆಟ್ಟಿಗೆ ಮಾಡ್ತೀರೋ, ಸಾದಾ ಕಂಪ್ಯೂಟರ್ ಪರದೆಗೆ ಮಾಡ್ತೀರೋ, ಇವತ್ತೇ ತೀರ್ಮಾನ ಮಾಡ್ರಪ್ಪ," ಎಂದರು ಏಕಾಂತಯ್ಯ. "ಒಂದಕ್ಕೆ ಬರೆದಿದ್ದು ಇನ್ನೊಂದರಲ್ಲಿ ಓಡಲ್ಲ."

"ಪರದೆಗೇ ಮಾಡೋಣ," ಎಂದ ಧರ್ಮೇಶ. "ಯಾವ ಸ್ಕೂಲಲ್ಲಿ ಬೇಕಾದ್ರೂ ನೋಡ್ಬಹುದು. ಹೆಲ್ಮೆಟ್ ಇರೋದೇ ಒಂದು."

"ಹೆಲ್ಮೆಟ್ಟೇ ಇರ್ಲಿ. ಅದರಲ್ಲಿ ತಲೆ ಸುತ್ತುತ್ತೆ."

"ಅದೇನ್ ಒಳ್ಳೇದಾ?"

"ತಲೆ ಸುತ್ತಿದ್ರೆ ಯಾರಾದ್ರೂ ಕೈ ಹಿಡ್ಕೋಬೇಕಾಗುತ್ತೆ," ಎಂದಳು ಮೇಧಿನಿ, ಕೀಬೋರ್ಡ್ ನೋಡುತ್ತ. ಧರ್ಮೇಶ ಏಕಾಂತಯ್ಯನವರ ಕಡೆ ತಿರುಗಿ, ಹೆಲ್ಮೆಟ್ಟಿಗೇ ಮಾಡುತ್ತೇವೆ ಎಂದುಬಿಟ್ಟ.

ಹೀಗೆ ಮೂರು ತಿಂಗಳು. ದಿನವೂ ಮೊದಲು ಅವನು ಹಾಕಿಕೊಂಡು ಎಲ್ಲ ಸರಿ ಇದೆಯೇ ಎಂದು ನೋಡುವುದು, ಆಮೇಲೆ ತೆಗೆದು ಅವಳ ತಲೆಗೆ ಹಾಕಿ, ಜಡೆಗೆ ಸಿಕ್ಕದಂತೆ ಪಟ್ಟಿ ಬಿಗಿದು, ಕೈ ಹಿಡಿದು ನಿಲ್ಲುವುದು. 'ರೀ' ಹೋಗಿ 'ಕಣೋ' ಬಂತು.

ಒಂದು ಮಧ್ಯಾಹ್ನ ಹೆಲ್ಮೆಟ್ಟಿನೊಳಗಿಂದಲೇ ಅವಳು ಹೇಳಿದಳು: "ನೀನಂದ್ರೆ ನಂಗೆ ತುಂಬಾ ಇಷ್ಟ ಕಣೋ."

"ಆನೆಗೆ ಹೇಳ್ತಿದ್ದೀಯೋ, ನಂಗೋ?"

"ಥೂ, ಹೋಗೋ! ಅಪ್ಪನ್ನ ಕರ್ಕೊಂಡ್ ಬರ್ತೀನಿ. ಮಂಡಿನೋವು ಬಂದ್ಮೇಲೆ ಅವರು ಹಳೇಬೀಡಿಗೇ ಹೋಗಿಲ್ಲ. ಇದನ್ನ ನೋಡಿ ಖುಷಿಯಾಗಿದ್ದಾಗಲೇ ನಮ್ಮ ವಿಷಯ ಹೇಳಿಬಿಡ್ತೀನಿ."

ಅಂದಿನಿಂದ ಧರ್ಮೇಶ ಊಟ ನಿದ್ದೆ ಬಿಟ್ಟು ಒಂದೊಂದು ಶಿಲ್ಪವನ್ನೂ ತಿದ್ದಿದ. ಅವನಿಗೆ ಪ್ರದರ್ಶನದ ಚಿಂತೆಯಿರಲಿಲ್ಲ. ಒಬ್ಬರು ಮೆಚ್ಚಿದರೆ ಸಾಕಿತ್ತು.

ಜಾವಗಲ್ಲಿನಿಂದ ಮೇಧಿನಿಯ ಅಪ್ಪ ಭಾಷ್ಯಂ ಮೇಷ್ಟರು ಬಂದರು. ಸಂಸ್ಕೃತ ಕಲಿಸಿ ನಿವೃತ್ತರಾದವರು, ನಗುಮುಖದವರು. ಧರ್ಮೇಶ ಎಂದಿನಂತೆ ಹೆಲ್ಮೆಟ್ ತಾನು ಹಾಕಿ ನೋಡಿ, ತೆಗೆದು, ಎರಡೂ ಕೈಯಲ್ಲಿ ಅವರಿಗೆ ಕೊಟ್ಟ. ಮೇಷ್ಟರು ಕೈ ಚಾಚಿದರು.

"ಭೇಷ್! ಯಾವೂರಪ್ಪ ನಿಂದು?"

"ಗಂಡಸಿ, ಸಾರ್."

"ಗಂಡಸೀಲಿ ಯಾರ ಪೈಕಿ?"

"ನಮ್ಮಪ್ಪ ಶಿವಯ್ಯ ಅಂತ, ಗುಮಾಸ್ತರು. ನಾವು ಬೌದ್ಧರು ಸಾರ್." ಅವನು ತಡವರಿಸಲಿಲ್ಲ. ದಲಿತರ ಕೇರಿಯ ಅವನ ಮನೆಯಲ್ಲಿ ಆ ಮಾತನ್ನು ತಲೆಯೆತ್ತಿ ಹೇಳುತ್ತಿದ್ದರು.

ಚಾಚಿದ ಕೈ ಶಲ್ಯ ಸರಿಮಾಡಿಕೊಳ್ಳಲು ಹೋಯಿತು. "ಓಹೋ, ಸಂತೋಷ, ಸಂತೋಷ. ನಂಗೆ ತಲೆಸುತ್ತು ಕಣಪ್ಪ, ಬೇಡ."

ಇನ್ನೂ ತಲೆಗೇ ಹಾಕದವರಿಗೆ ಅದೆಲ್ಲಿಂದ ಸುತ್ತು ಬಂತೋ! ಧರ್ಮೇಶ ಮೇಧಿನಿಯ ಕಡೆ ನೋಡಿದ. ಈಗ ಒಂದು ಮಾತು ಆಡುತ್ತಾಳೆ ಎಂದುಕೊಂಡ. ಆಡಿದಳು.

"ನಾನು ಆವತ್ತೇ ಬಡ್ಕೊಂಡೆ ಅಪ್ಪ, ಪರದೆಗೇ ಮಾಡೋಣ ಅಂತ. ಇವರೇ ಹೆಲ್ಮೆಟ್ ಬೇಕು ಅಂತ ಹಠ ಹಿಡಿದ್ರು."

"ನೀನು ಹೇಳಿದ್ದೇ ಸರಿ ಬಿಡಮ್ಮ," ಎಂದರು ಮೇಷ್ಟರು. "ಒಬ್ಬರು ಹಾಕ್ಕೊಂಡಿದ್ದನ್ನ ಇನ್ನೊಬ್ಬರು ಹೇಗೆ ಹಾಕ್ಕೊಳ್ಳೋದು?"

ಅವರನ್ನು ಬಸ್ ಸ್ಟ್ಯಾಂಡಿನಲ್ಲಿ ಕೂರಿಸಿ ಮೇಧಿನಿ ಒಬ್ಬಳೇ ಓಡಿ ಬಂದಳು. ಅವನು ನಿಂತಲ್ಲೇ ನಿಂತಿದ್ದ.

"ಪರದೆಗೆ ಮಾಡಿಬಿಡು ಕಣೋ. ಅಪ್ಪ ಖಂಡಿತ ನೋಡ್ತಾರೆ. ಆಮೇಲೆ ಹೇಳೋಣ."

"ಹೆಲ್ಮೆಟ್ಟೇ ಬೇಡ ಅಂದೋರು ಅಳಿಯ ಬೇಕು ಅಂತಾರಾ?"

"ಅಪ್ಪ ಹಾಗೆ. ನಾನು ಹಾಗಾ?"

"ಅಲ್ಲ. ನನ್ನ ತಲೇಲಿದ್ದಿದ್ದನ್ನೇ ನೀನು ಮೂರು ತಿಂಗಳು ಹಾಕ್ಕೊಂಡೆ. ಅದನ್ನ ಅವರ ಮುಂದೆ ಹೇಳಿದ್ರೆ ಸಾಕಿತ್ತಲ್ಲ ಮೇಧಿನಿ?"

ಅವಳ ಕಣ್ಣು ತುಂಬಿತು. ಪ್ರೀತಿಸಿದವನ ಹತ್ತಿರ ಏನನ್ನೂ ಮುಚ್ಚಿಡಬಾರದು ಎಂದು ಆ ಕ್ಷಣದಲ್ಲಿ ಅವಳಿಗೆ ಹೊಳೆಯಬೇಕೇ!

"ನಿನ್ನ ಹತ್ರ ಸುಳ್ಳು ಹೇಳಲ್ಲ ಕಣೋ. ಹಾಕ್ಕೊಂಡ ದಿನ ಎಲ್ಲ ಮನೆಗೆ ಹೋಗಿ ತಲೆಗೆ ನೀರು ಹಾಕ್ಕೋತಿದ್ದೆ. ಯಾರೂ ಹೇಳಿರ್ಲಿಲ್ಲ. ನಂಗೇ ಹಾಗೇ ಒಳಗೆ ಹೋಗೋಕೆ ಆಗ್ತಿರ್ಲಿಲ್ಲ. ಆದ್ರೂ ಮಾರನೇ ದಿನ ಬಂದು ಮತ್ತೆ ಹಾಕ್ಕೋತಿದ್ನಲ್ಲ? ಅದು ಪ್ರೀತಿ ಅಲ್ವೇನೋ?"

ನಿಜವಾಗಿಯೂ ಉತ್ತರ ಬೇಕಿದ್ದವಳಂತೆ ಅವನ ಮುಖವನ್ನೇ ನೋಡಿದಳು. ಅವಳ ಕೈ ಹಿಡಿದ ದಿನವೆಲ್ಲ, ಅದರ ಬಿಸಿ ಹೋದೀತೆಂದು ಗಂಡಸಿ ಬಸ್ಸಿನಲ್ಲಿ ಆ ಕೈಯಿಂದ ಕಂಬಿಯನ್ನೂ ಹಿಡಿಯದೆ ತೂರಾಡಿಕೊಂಡು ಮನೆ ಸೇರುತ್ತಿದ್ದವನು ಧರ್ಮೇಶ. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟ.

"ಇರಬಹುದು ರೀ," ಎಂದ. "ನೀವು ಹೊರಡಿ. ಜಾವಗಲ್ ಬಸ್ ಹೊರಡೋ ಹೊತ್ತಾಯ್ತು."