ಉತ್ತರ ಹೊರಟಿತ್ತು

ಅವಳು ಕೇಳಿದ್ದು ಒಂದೇ ಪ್ರಶ್ನೆ, ಅದೂ ಸೀನುಗಳ ನಡುವೆ.

ಪ್ರಾಣಿಗಳ ಕ್ಲಿನಿಕ್ಕಿನ ಒಳಕೋಣೆಯಲ್ಲಿ ಡಾಕ್ಟರು ಒಂದು ಬೂದು ಬೆಕ್ಕಿನ ಕಿವಿ ಒರೆಸುತ್ತಿದ್ದರು. ಅವಳು ಅವರ ವೆಬ್‌ಸೈಟಿನ ಕೆಲಸ ಮುಗಿಸಿ, ಬ್ಯಾಗನ್ನು ಹೆಗಲಿಗೇರಿಸಿ, ಹೊರಡದೆ ನಿಂತಿದ್ದಳು. ಬೆಕ್ಕಿನ ರೋಮಕ್ಕೂ ಅವಳ ಮೂಗಿಗೂ ಮೊದಲಿನಿಂದಲೂ ಎಣ್ಣೆ ಸೀಗೇಕಾಯಿ.

"ನಾವಿಬ್ರೂ ಮದುವೆ ಆಗಬಹುದು ಅಂತ," ಎಂದು ಶುರು ಮಾಡಿ ಒಮ್ಮೆ ಸೀನಿದಳು. "ನಿಮಗೆ ಯಾವತ್ತಾದ್ರೂ," ಇನ್ನೊಮ್ಮೆ ಸೀನಿದಳು, "ಅನ್ನಿಸಿದೆಯಾ?"

ಡಾಕ್ಟರು ತಲೆಯೆತ್ತಿದರು. ಕೈಯಲ್ಲಿ ಹತ್ತಿಯ ಉಂಡೆ ಹಾಗೇ ನಿಂತಿತು. ತುಟಿ ತೆರೆದದ್ದನ್ನು ಅವಳು ಕಂಡಳು, ಅದರಲ್ಲಿ ಅನುಮಾನವಿಲ್ಲ. ಅಷ್ಟರಲ್ಲಿ ಮನೆಯೇ ಅದುರುವಂಥ ಮೂರನೆಯ ಸೀನು ಬಂದು, ಬೆಕ್ಕು ಬೆದರಿ ಔಷಧದ ಕಪಾಟಿನ ತುದಿಗೆ ಹಾರಿತು. ಅದನ್ನು ಇಳಿಸುವ ಹೊತ್ತಿಗೆ ಮುಂದಿನ ರೋಗಿ ಬಾಲ ಅಲ್ಲಾಡಿಸುತ್ತ ಒಳಗೆ ಬಂದಾಗಿತ್ತು.

"ನಿಮ್ಮ ಕಣ್ಣು ಕೆಂಪಾಗಿದೆ," ಎಂದರು ಡಾಕ್ಟರು ಮೆಲ್ಲಗೆ. "ಸ್ವಲ್ಪ ಹೊರಗೆ ಗಾಳಿಗೆ ಹೋಗಿ."

ಅಷ್ಟೇ. ಅವಳು ಗಾಳಿಗೆ ಹೋದವಳು ಹಾಗೇ ಮನೆಗೆ ಹೋದಳು. ಆಮೇಲೆ ಮೂರು ವಾರ ಅತ್ತಲಿಂದ ಒಂದು ಮಾತಿಲ್ಲ. ಮೌನಕ್ಕೆ ಒಂದೇ ಅರ್ಥ ಎಂದು ಮನಸ್ಸಿಗೆ ಬುದ್ಧಿ ಹೇಳಿ, ಸೋಮವಾರದಿಂದ ಈ ಕ್ಲಿನಿಕ್ಕಿನ ಕೆಲಸವನ್ನು ಆಫೀಸಿನಲ್ಲಿ ತನ್ನ ಪಕ್ಕದ ಕುರ್ಚಿಯ ಹುಡುಗನಿಗೆ ಕೊಡಿ ಎಂದು ಮ್ಯಾನೇಜರಿಗೆ ಹೇಳಿಬಿಟ್ಟಳು. ಮತ್ತೆ ಅಲ್ಲಿಗೆ ಕಾಲಿಡುವ ಕಾರಣವೇ ಇರಬಾರದು.

ಶುಕ್ರವಾರ ಬೆಳಿಗ್ಗೆ ಫೋನ್ ಬಂತು. ಡಾಕ್ಟರ ತಾಯಿ. ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಬಂದವರನ್ನು ಸಾಲಾಗಿ ಒಳಗೆ ಬಿಡುವವರು ಅವರೇ.

"ಗೇಟಮ್ಮಾ, ನಿನ್ನ ಗೇಟು ಕೆಟ್ಟಿದೆ."

ಫೈರ್‌ವಾಲ್ ಅಂದರೇನು ಎಂದು ಅವರು ಕೇಳಿದಾಗ, ಸರ್ವರಿನ ಮುಂದೆ ನಿಂತು ಯಾರು ಒಳಗೆ, ಯಾರು ಹೊರಗೆ ಎಂದು ನೋಡುವ ಗೇಟು ಎಂದು ಅವಳೇ ವಿವರಿಸಿದ್ದಳು. ಅಂದಿನಿಂದ ಈ ಹೆಸರು.

"ಏನಾಗ್ತಿದೆ ಅಮ್ಮಾ?"

"ಏನೂ ಆಗ್ತಿಲ್ಲ, ಅದೇ ತೊಂದ್ರೆ. ಟೋಕನ್ ತಗೊಳ್ಳೋ ಪುಟ ಯಾರಿಗೂ ತೆರೀತಿಲ್ಲ. ಎಲ್ರೂ ನನಗೇ ಫೋನ್ ಮಾಡ್ತಿದಾರೆ. ನನ್ನ ಕಿವಿ ಕಾದ ಹಂಚಾಗಿದೆ."

ಅವಳು ತನ್ನ ಕಂಪ್ಯೂಟರಿನಲ್ಲಿ ನೋಡಿದಳು. ಪುಟ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆಯಿತು.

"ನನಗೂ ಓಪನ್ ಆಗ್ತಿದೆ," ಎಂದ ಪಕ್ಕದ ಕುರ್ಚಿಯವನು. "ಬೆಳಿಗ್ಗೆ ತಾನೇ ಸರ್ವರನ್ನ ಹೊಸ ನೆಟ್‌ವರ್ಕಿಗೆ ಸಾಗಿಸಿದೆ. ಎಲ್ಲ ಟೆಸ್ಟ್ ಮಾಡಿದೀನಿ."

"ಎಲ್ಲಿಂದ ಟೆಸ್ಟ್ ಮಾಡಿದೆ?"

"ಇಲ್ಲಿಂದಲೇ."

"ಕಾಯಿಲೆ ಬಿದ್ದ ನಾಯಿ ನಿನ್ನ ಕುರ್ಚೀಲಿ ಕೂತು ಟೋಕನ್ ತಗೊಳ್ಳಲ್ಲ ಮಾರಾಯ."

ಇಲ್ಲಿಂದಲೇ ಸರಿ ಮಾಡುತ್ತೇನೆ ಎಂದು ಅವಳು ಫೋನಿಗೆ ಹೇಳಿದರೆ ಆ ಕಡೆಯಿಂದ ಒಪ್ಪಿಗೆ ಬರಲಿಲ್ಲ. "ನಮ್ಮನೆ ಬಾಗಿಲು ಕೆಟ್ರೆ ಬಡಗಿ ಅವನ ಮನೇಲಿ ಕೂತು ರಿಪೇರಿ ಮಾಡ್ತಾನಾ? ಬಾ ಇಲ್ಲಿಗೆ."

ಇದೇ ಕೊನೆಯ ಸಲ ಎಂದುಕೊಂಡು ಎರಡು ಕರವಸ್ತ್ರ ಮಡಚಿಟ್ಟುಕೊಂಡು ಹೊರಟಳು. ಹೆಚ್ಚು ದೂರವಿಲ್ಲ, ಎರಡು ಬೀದಿ ದಾಟಿದರೆ ಸಾಕು.

ಟೋಕನ್ ಸಿಗದೆ ನೇರವಾಗಿ ಬಂದವರಿಂದ ಕ್ಲಿನಿಕ್ಕಿನ ಹೊರಕೋಣೆ ತುಂಬಿತ್ತು. ತನಗಿಂತ ದಪ್ಪದ ನಾಯಿಯನ್ನು ತೊಡೆಯ ಮೇಲೆ ಕೂರಿಸಿಕೊಂಡ ಒಬ್ಬ ಮುದುಕರು, ಬುಟ್ಟಿಯಲ್ಲಿ ಬಿಳಿ ಮೊಲ ತಂದ ಒಬ್ಬ ಹೆಂಗಸು, ಇನ್ನೂ ಯಾರ್ಯಾರೋ. ಒಳಬಾಗಿಲಲ್ಲಿ ಡಾಕ್ಟರು ಕಾಣಿಸಿಕೊಂಡರು.

"ಬಂದ್ರಾ," ಎಂದರು.

"ಬಂದೆ," ಎಂದಳು.

ಅವರು ನೋಡುತ್ತಲೇ ನಿಂತರು. ಕಣ್ಣನ್ನಲ್ಲ, ಮೂಗನ್ನು. ಥರ್ಮಾಮೀಟರಿನ ಗೀಟು ಓದುವಾಗಿನ ಏಕಾಗ್ರತೆಯಲ್ಲಿ ಅವಳ ಮೂಗನ್ನೇ ನೋಡಿ, ಏನೋ ಸಮಾಧಾನವಾದಂತೆ ತಲೆಯಾಡಿಸಿ, ಮೊಲದ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಮೂರು ವಾರದ ಮೇಲೆ ಸಿಕ್ಕಿದರೆ ಮನುಷ್ಯ ನೋಡಿದ್ದು ಮೂಗನ್ನಾ ಎಂದು ಅವಳಿಗೆ ಮೈ ಉರಿಯಿತು.

ಕೆಲಸ ಬೇಗ ಮುಗಿಸಿ ಹೋಗಬೇಕು. ತಾಯಿಯ ಮೇಜಿನ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು, ತನ್ನ ಮೊಬೈಲಿನ ಇಂಟರ್‌ನೆಟ್ ಜೋಡಿಸಿ, ಪುಟ ಕರೆದಳು. ಪುಟ್ಟ ಚಕ್ರ ತಿರುಗಿತು, ತಿರುಗಿತು, ಕೊನೆಗೆ ಸಮಯ ಮೀರಿತೆಂದು ಹೇಳಿ ನಿಂತಿತು.

"ಒಳಗೆ ಬಿಡಲ್ಲ ಅಂತಿದೆಯಾ?" ತಾಯಿ ಕನ್ನಡಕ ಏರಿಸಿದರು.

"ಹಾಗೂ ಹೇಳ್ತಿಲ್ಲ ಅಮ್ಮಾ. ಬಿಡಲ್ಲ ಅನ್ನೋದೂ ಒಂದು ಉತ್ತರವೇ, ಅದು ತಕ್ಷಣ ಬರುತ್ತೆ. ಇಲ್ಲಿ ಏನೂ ಬರ್ತಿಲ್ಲ."

"ಏನೂ ಹೇಳಲಿಲ್ಲ ಅಂದ್ರೆ ಇಲ್ಲ ಅಂತಲೇ ಅಲ್ವಾ ಅರ್ಥ?"

"ಅಲ್ಲ. ನಾವು ಕೇಳಿದ್ದು ಅಲ್ಲಿಗೆ ಮುಟ್ಟಿಲ್ಲ. ಇಲ್ಲಾಂದ್ರೆ ಮುಟ್ಟಿದೆ, ಅಲ್ಲಿಂದ ಹೊರಟ ಉತ್ತರ ನಮಗೆ ಮುಟ್ಟಿಲ್ಲ. ಎರಡರಲ್ಲಿ ಯಾವುದು ಅಂತ ನೋಡದೆ ಇಲ್ಲ ಅಂತ ತೀರ್ಮಾನ ಮಾಡಬಾರದು."

"ಹೂಂ," ಎಂದು ತಾಯಿ ಆ ಹೂಂಕಾರವನ್ನು ಉದ್ದಕ್ಕೆ ಎಳೆದು ಒಳಬಾಗಿಲ ಕಡೆ ನೋಡಿದರು. ಅವಳು ಕೀಲಿಮಣೆಯ ಮೇಲೆ ಬಗ್ಗಿದಳು. ತನ್ನ ಬಾಯಿಂದಲೇ ಬಂದ ಮಾತು ತನಗೇ ಚುಚ್ಚಿದ್ದು ಕಾಣಬಾರದಿತ್ತು.

ಲ್ಯಾಪ್‌ಟಾಪಿನಿಂದಲೇ ಆಫೀಸಿನ ನೆಟ್‌ವರ್ಕಿನ ಮೂಲಕ ಸರ್ವರಿನೊಳಗೆ ಹೋದಳು. ಸರ್ವರು ಆರೋಗ್ಯವಾಗಿ ಓಡುತ್ತಿತ್ತು. ಗೇಟುಗಳು ಎರಡು, ಒಳಗೊಂದು, ಹೊರಗೊಂದು. ಸರ್ವರಿಗೆ ಅಂಟಿಕೊಂಡ ಒಳಗೇಟಿನಲ್ಲಿ ವೆಬ್‌ಸೈಟಿನ ಬಾಗಿಲು ಎಲ್ಲರಿಗೂ ತೆರೆದಿತ್ತು. ಸರ್ವರಿಗೆ ಬರುವುದನ್ನೂ ಅಲ್ಲಿಂದ ಹೋಗುವುದನ್ನೂ ತೋರಿಸುವ ಕಿಟಕಿ ತೆರೆದಿಟ್ಟು, ಮೊಬೈಲಿನಿಂದ ಮತ್ತೆ ಪುಟ ಕರೆದಳು. ಕರೆ ಬಂದು ಮುಟ್ಟಿತು. ಸರ್ವರು ಕೂಡಲೇ ಉತ್ತರ ಕೊಟ್ಟಿತು. ಕೇಳಿದವರಿಂದ ಮರುಮಾತಿಲ್ಲವಾದ್ದರಿಂದ ಅದೇ ಉತ್ತರವನ್ನು ಮತ್ತೆ ಕಳಿಸಿತು. ಸ್ವಲ್ಪ ತಡೆದು ಮತ್ತೊಮ್ಮೆ.

ಪಾಪ, ಹೇಳುತ್ತಲೇ ಇದೆ.

ಹಾಗಾದರೆ ತಡೆ ಇರುವುದು ಹೊರಗೇಟಿನಲ್ಲಿ. ಒಳಗೇಟಿಗೆ ನೆನಪಿದೆ, ಒಳಗೆ ಬಿಟ್ಟವರಿಗೆ ಹೋಗುವ ಉತ್ತರವನ್ನು ಅದು ತಾನಾಗಿ ಹೊರಗೆ ಬಿಡುತ್ತದೆ. ಇಡೀ ನೆಟ್‌ವರ್ಕಿಗೆ ಹಾಕಿದ ಹೊರಗೇಟಿಗೆ ಆ ನೆನಪಿಲ್ಲ. ಬರುವುದಕ್ಕೆ ಒಂದು ನಿಯಮ ಬರೆದರೆ ಹೋಗುವುದಕ್ಕೆ ಇನ್ನೊಂದು ಬರೆಯಲೇಬೇಕು. ಅವಳು ಆ ನಿಯಮಗಳನ್ನು ತೆರೆದಳು. ಬರುವವರಿಗೆ ದಾರಿ ಇತ್ತು. ಹೊರಹೋಗಲು ತಮ್ಮ ಆಫೀಸಿನ ವಿಳಾಸಗಳಿಗೆ ಮಾತ್ರ ಅಪ್ಪಣೆ, ಮಿಕ್ಕ ಲೋಕಕ್ಕೆಲ್ಲ ನಿಷೇಧ. ಆಫೀಸಿನಲ್ಲಿ ಪುಟ ತೆರೆದದ್ದು ಅದಕ್ಕೇ.

ಬರೆದವರು ಯಾರು ಎಂದು ಹುಡುಕಬೇಕಾಗಿರಲಿಲ್ಲ. ಹೊಸ ನೆಟ್‌ವರ್ಕಿಗೆಂದು ಅವಳೇ ಬರೆದಿಟ್ಟದ್ದು, ಆ ಸೀನಿನ ಮಾರನೆಯ ದಿನ. ಕಣ್ಣು ಊದಿಸಿಕೊಂಡು ಕೂತು, ಇಲ್ಲಿಂದ ಹೊರಗೆ ಒಂದು ಹುಲ್ಲುಕಡ್ಡಿಯೂ ಹೋಗಕೂಡದು ಎಂದು ಬಿಗಿ ಮಾಡಿದ್ದಳು. ಇಂದು ಬೆಳಿಗ್ಗೆ ಸರ್ವರು ಬಂದು ಆ ಬಿಗಿಯೊಳಗೆ ಕೂತಿತು.

ಕೇಳಿದವರಿಗೆ ಉತ್ತರ ಹೋಗಲು ಒಂದು ನಿಯಮ ಸೇರಿಸಿದಳು. ಪುಟ ತೆರೆಯಿತು.

"ನನಗೆ ಟೋಕನ್ ಬಂತು," ಎಂದರು ನಾಯಿಯ ಮುದುಕರು ಮೊಬೈಲ್ ತೋರಿಸಿ.

"ಇಲ್ಲೇ ಕೂತಿದೀರಲ್ಲ ಸ್ವಾಮಿ, ನಿಮಗ್ಯಾಕೆ ಟೋಕನ್ನು," ಎಂದರು ತಾಯಿ. "ಗೇಟಮ್ಮ, ಏನಾಗಿತ್ತು?"

"ನನ್ನದೇ ತಪ್ಪು ಅಮ್ಮಾ. ಕೇಳೋದಕ್ಕೆ ದಾರಿ ಬಿಟ್ಟಿದ್ದೆ. ಹೇಳೋದಕ್ಕೆ ಬಿಟ್ಟಿರಲಿಲ್ಲ."

ಲ್ಯಾಪ್‌ಟಾಪ್ ಮುಚ್ಚಿ ಕರವಸ್ತ್ರಗಳನ್ನು ಬ್ಯಾಗಿಗೆ ಹಾಕಲು ಹೋದವಳ ಕೈ ನಿಂತಿತು. ಎರಡೂ ಮಡಿಕೆ ಬಿಚ್ಚದೆ ಒಣಗಿಯೇ ಇದ್ದವು. ಇಷ್ಟು ಹೊತ್ತು ಕೂತಿದ್ದರೂ ಒಂದೂ ಸೀನು ಬಂದಿರಲಿಲ್ಲ.

ಏನೋ ಬದಲಾಗಿದೆ. ಅಭ್ಯಾಸಬಲದಿಂದ ಅವಳು ಒಂದೊಂದಾಗಿ ನೋಡುತ್ತ ಹೋದಳು. ಎಡಗೋಡೆಗೆ ಒತ್ತಿ ಇರುತ್ತಿದ್ದ ಬೆಕ್ಕಿನ ಗೂಡುಗಳಿಲ್ಲ. ಅವುಗಳ ಜಾಗದಲ್ಲಿ ಹೊಸ ಸುಣ್ಣ. ಮೂಲೆಯಲ್ಲಿ ಗಾಳಿ ಶೋಧಿಸುವ ಯಂತ್ರವೊಂದು ಗುಂಯ್‌ಗುಡುತ್ತಿತ್ತು. ಹಿತ್ತಿಲ ಬಾಗಿಲಿಗೆ ಎರಡನೆಯ ಬಾಗಿಲು ಬಂದಿತ್ತು. ಎರಡೂ ಬಾಗಿಲ ಗಾಜಿನಾಚೆ, ಹೊಸದಾಗಿ ಹೊಡೆದ ಗೂಟದಲ್ಲಿ ಬೂದು ರೋಮ ಅಂಟಿದ ಒಂದು ಬಿಳಿ ಕೋಟು ತೂಗುತ್ತಿತ್ತು.

"ಬೆಕ್ಕುಗಳೆಲ್ಲಿ ಅಮ್ಮಾ?"

"ಹಿಂದಿನ ಶೆಡ್ಡಿಗೆ ಹೋದ್ವು. ಮೂರು ವಾರದಿಂದ ನಮ್ಮ ಡಾಕ್ಟರು ಬಡಗಿ ಆದ, ಗಾರೆಯವನಾದ. ಮಹಡಿ ಮೇಲಿನ ನಮ್ಮನೆ ಪರದೆ, ಹಾಸಿಗೆ ಎಲ್ಲ ಒಗೆದು ಹಾಕ್ದ. ಯಾಕೋ ಅಂದ್ರೆ ಬಾಯಲ್ಲಿ ಅವಲಕ್ಕಿ ತುಂಬ್ಕೊಂಡವನ ಹಾಗೆ." ತಾಯಿ ತಗ್ಗಿದ ದನಿಯಲ್ಲಿ ಸೇರಿಸಿದರು, "ನನಗಂತೂ ಬೆಕ್ಕು ತೊಂದ್ರೆ ಇಲ್ಲ. ಈ ಮನೇಲಿ ಸೀನೋರು ಇನ್ಯಾರಿದಾರೆ ಹೇಳು?"

ಬಡಗಿಯ ಮಾತು ಹೇಳಿ ತನ್ನನ್ನು ಇಲ್ಲಿವರೆಗೆ ಯಾಕೆ ಕರೆಸಿದರೆಂದು ಅವಳಿಗೆ ಆಗ ಹೊಳೆಯಿತು.

ಮೊಲದ ಹೆಂಗಸು ಬುಟ್ಟಿ ಹಿಡಿದು ಹೊರಗೆ ಬಂದಳು. ಇವಳು ಎದ್ದು ಹೋಗಿ ಒಳಕೋಣೆಯ ಬಾಗಿಲಲ್ಲಿ ನಿಂತಳು. ಡಾಕ್ಟರು ಕೈ ತೊಳೆಯುತ್ತಿದ್ದರು.

"ಮೊಲ ಏನಂತೆ?"

"ಮೊಲ ಏನೂ ಅನ್ನಲ್ಲ. ನೋವಾದ್ರೂ ಸದ್ದು ಮಾಡಲ್ಲ. ಏನು ತಿಂದಿದೆ, ಹೇಗೆ ಕೂತಿದೆ ಅಂತ ನೋಡಿ ನಾವೇ ತಿಳ್ಕೋಬೇಕು."

"ಡಾಕ್ಟರೂ ಹಾಗೇನಾ?"

ನಲ್ಲಿ ಹರಿಯುತ್ತಲೇ ಇತ್ತು. ಅವರ ಕಿವಿಯ ತುದಿ ಕೆಂಪಾದದ್ದನ್ನು ಅವಳು ಬಿಡದೆ ನೋಡಿದಳು. ಈ ಸಲ ನೋಡುವ ಸರದಿ ತನ್ನದು.

"ಅವತ್ತೇ ಹೇಳಬಹುದಿತ್ತು," ಎಂದರು ಅವರು ನಲ್ಲಿ ನಿಲ್ಲಿಸಿ. "ಆದ್ರೆ ನಿಮಗೆ ಉಸಿರಾಡೋಕೂ ಆಗದ ಮನೆಗೆ ಬನ್ನಿ ಅನ್ನೋದು ಹೇಗೆ? ಬೆಕ್ಕುಗಳನ್ನ ಬಿಡೋಕಾಗಲ್ಲ, ಅದು ಕೆಲಸ. ಮೊದಲು ಮನೆ ಸರಿ ಮಾಡೋಣ, ನೀವು ಬಂದು ಸೀನದೆ ಕೂತ್ರೆ ಆಮೇಲೆ ಹೇಳೋಣ ಅಂತಿದ್ದೆ."

"ನಾನು ಇಲ್ಲ ಅಂತ ತಿಳ್ಕೊಂಡೆ."

"ನಾನು ಇಲ್ಲ ಅನ್ನಲಿಲ್ವಲ್ಲ."

"ಗಾಳಿಗೆ ಹೋಗಿ ಅಂದ್ರಿ."

"ಕಣ್ಣು ಕೆಂಪಾಗಿತ್ತು."

"ಅದು ಬರೀ ಬೆಕ್ಕಿನಿಂದಲ್ಲ."

ಅವರು ಟವೆಲನ್ನು ಮಡಚಿದರು, ಬಿಚ್ಚಿದರು, ಮತ್ತೆ ಮಡಚಿದರು. "ಸೋಮವಾರದಿಂದ ಬೇರೆಯವರು ಬರ್ತಾರೆ ಅಂತ ನಿಮ್ಮ ಆಫೀಸಿಂದ ಮೇಲ್ ಬಂತು. ನೀವೇ ಮನಸ್ಸು ಬದಲಾಯಿಸಿದಿರಿ ಅಂದ್ಕೊಂಡೆ. ಆದ್ರೂ ಶೆಡ್ಡಿನ ಕೆಲಸ ನಿಲ್ಲಿಸೋಕೆ ಮನಸ್ಸಾಗಲಿಲ್ಲ."

ಅವಳು ಬಾಗಿಲು ಬಿಟ್ಟು ಒಂದು ಹೆಜ್ಜೆ ಒಳಗೆ ಬಂದಳು.

"ಉತ್ತರ ಮುಟ್ಟಿಲ್ಲ ಅಂದ್ರೆ ನಮ್ಮ ಸರ್ವರು ಮತ್ತೆ ಮತ್ತೆ ಕಳಿಸುತ್ತೆ," ಎಂದಳು. "ನಿಮ್ಮದು ಇನ್ನೂ ಒಂದು ಸಲವೂ ಬಂದಿಲ್ಲ."

ಡಾಕ್ಟರು ಈಗ ನೇರವಾಗಿ ಅವಳ ಕಣ್ಣನ್ನು ನೋಡಿದರು.

"ಅನ್ನಿಸಿದೆ. ನೀವು ಮೊದಲ ದಿನ ಬಂದು, ಸೀನಿ, ಬೆಕ್ಕಿಗೆ ಸಾರಿ ಅಂದ್ರಲ್ಲ, ಅವತ್ತಿನಿಂದ. ಮದುವೆ ಆಗೋಣ."

"ಜೋರಾಗಿ ಹೇಳೋ," ಎಂಬ ದನಿ ಹೊರಕೋಣೆಯಿಂದ ಬಂತು. "ಇಲ್ಲಿಗೆ ಸರಿಯಾಗಿ ಕೇಳಿಸ್ತಿಲ್ಲ."

ಡಾಕ್ಟರು ಜೋರಾಗಿಯೇ ಹೇಳಿದರು. ನಾಯಿಯ ಮುದುಕರು ಕೆಮ್ಮಿದರು. ಅವಳು ನಗುತ್ತ ಫೋನ್ ತೆಗೆದು ಪಕ್ಕದ ಕುರ್ಚಿಯವನಿಗೆ, ಸೋಮವಾರದಿಂದಲೂ ಈ ಕ್ಲಿನಿಕ್ಕು ತನ್ನ ಕೈಯಲ್ಲೇ ಇರುತ್ತದೆ ಎಂದಳು. ಏನು ರಿಪೇರಿ ಎಂದು ಅವನು ಕೇಳಿದ್ದಕ್ಕೆ, ಆಮೇಲೆ ಹೇಳ್ತೀನಿ ಎಂದಳು.

ಅಷ್ಟರಲ್ಲಿ ಶೆಡ್ಡಿನಿಂದ ಬೆಕ್ಕೊಂದು ಕೂಗಿತು. ಡಾಕ್ಟರು ಹೋಗಿ ನೋಡಿ ಬಂದರು. ಬರುವಾಗ ಮುಖದ ತುಂಬ ನಗು, ಮೈಮೇಲೆ ಆ ರೋಮದ ಕೋಟು. ಹತ್ತಿರ ಬಂದು ಏನೋ ಹೇಳಬೇಕೆನ್ನುವಾಗ ಅವಳು ಮನೆ ಅದುರುವಂತೆ ಸೀನಿದಳು.

ಅವರು ತಲೆ ತಗ್ಗಿಸಿ ಕೋಟನ್ನು ನೋಡಿಕೊಂಡರು. ಹಿಂದಕ್ಕೆ ಹೋಗಿ, ಎರಡು ಬಾಗಿಲು ದಾಟಿ, ಅದನ್ನು ಗೂಟಕ್ಕೆ ತೂಗುಹಾಕಿ, ತೋಳು ಕೊಡವಿಕೊಂಡು ಒಳಗೆ ಬಂದರು.