ಗುಟ್ಟಿನ ಗಿರಾಕಿ

"ಇದು ನಿಮಗೆ ಇಷ್ಟ ಆಗಲ್ಲ," ಎಂದ ಅವನು, ಗ್ಲಾಸನ್ನು ಅವಳ ಮುಂದೆ ಇಡುತ್ತಾ.

ಅವಳು ತಲೆಯೆತ್ತಿದಳು. ಬಾರಿನ ಕಟ್ಟೆಯ ಆಚೆ ನಿಂತಿದ್ದವನು ನಗುತ್ತಿರಲಿಲ್ಲ. ತೋಳು ಮಡಿಸಿದ ಕಪ್ಪು ಅಂಗಿ, ನಿದ್ದೆ ಸಾಲದ ಕಣ್ಣು, ಮುಖದಲ್ಲಿ ಒಂಥರಾ ಬೇಸರ.

"ಹಾಗಾದ್ರೆ ಯಾಕೆ ಮಾಡಿದ್ರಿ?"

"ನೀವು ಕೇಳಿದ್ರಿ. ಮೆನುವಿನಲ್ಲಿ ಇದರ ಫೋಟೋ ಚೆನ್ನಾಗಿದೆ. ಎಲ್ಲರೂ ಇದನ್ನೇ ಕೇಳ್ತಾರೆ, ಫೋಟೋ ತೆಗೀತಾರೆ, ಅರ್ಧ ಬಿಟ್ಟು ಹೋಗ್ತಾರೆ."

ಗ್ಲಾಸಿನಲ್ಲಿ ಎರಡು ನೇರಳೆ ಹೂವು, ಒಂದು ಕಡ್ಡಿ ಸೊಪ್ಪು, ಸುಟ್ಟ ಕಿತ್ತಳೆ ಸಿಪ್ಪೆ, ಮೇಲೆ ಹೊಗೆ. ಎಲ್ಲದರ ಅಡಿಯಲ್ಲಿ ಎಲ್ಲೋ ಮೂರು ಗುಟುಕು ಪಾನೀಯ. ಅವಳು ಕುಡಿದಳು. ಕೆಮ್ಮಿನ ಔಷಧಿಗೆ ಸಕ್ಕರೆ ಹಾಕಿದ ಹಾಗಿತ್ತು.

"ಹೇಗಿದೆ?"

"ಹೂವು ಚೆನ್ನಾಗಿದೆ."

ಅವನ ತುಟಿಯ ಒಂದು ಮೂಲೆ ಅಲುಗಿತು. ಅದನ್ನು ನಗು ಎನ್ನಬಹುದೋ ಬಾರದೋ ಎಂದು ಅವಳು ಒಂದು ಕ್ಷಣ ಯೋಚಿಸಿದಳು. ಯೋಚಿಸಲೇಬೇಕಿತ್ತು. ಅವಳಿಗೆ ಸಂಬಳ ಬರುತ್ತಿದ್ದದ್ದೇ ಅದಕ್ಕೆ.

ಹೋಟೆಲು, ಬಾರುಗಳ ಮಾಲೀಕರಿಗೆ ತಮ್ಮ ಕೆಲಸಗಾರರ ಮೇಲೆ ಅನುಮಾನ. ಹಾಗಾಗಿ ಅವಳ ಕಂಪನಿಗೆ ಹೇಳಿ ಒಬ್ಬ ಸುಳ್ಳು ಗಿರಾಕಿಯನ್ನು ಕರೆಸುತ್ತಿದ್ದರು. ಅವಳು ಎಲ್ಲರಂತೆ ಬಂದು, ಎಲ್ಲರಂತೆ ತಿಂದು ಕುಡಿದು, ಮನೆಗೆ ಹೋಗಿ ನಲವತ್ತು ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದಳು. ಮೇಜು ಅಂಟುತ್ತಿತ್ತೇ? ಸೂಪು ಬಿಸಿಯಿತ್ತೇ? ಸಿಬ್ಬಂದಿ ನಕ್ಕರೇ? ಅಳತೆ ಸರಿಯಿತ್ತೇ? ಆಫೀಸಿನಲ್ಲಿ ಅವಳಿಗೆ 'ತಕ್ಕಡಿ' ಎಂದೇ ಹೆಸರು. ಅವಳಿಗೆ ಅದರ ಬಗ್ಗೆ ಹೆಮ್ಮೆ ಇತ್ತು.

ಏಳು ವರ್ಷ ಈ ಕೆಲಸ ಮಾಡಿದ ಮೇಲೆ ಮನುಷ್ಯರ ಬಗ್ಗೆ ಗೌರವ ಉಳಿಯುವುದು ಕಷ್ಟ. ಫ್ರಿಜ್ಜಿನಿಂದ ತೆಗೆದದ್ದನ್ನು 'ಈಗ ತಾನೇ ಮಾಡಿದ್ದು' ಎನ್ನುವ ಅಡುಗೆಯವರು. ಹೆಬ್ಬೆರಳನ್ನು ಸೂಪಿನಲ್ಲಿ ಅದ್ದಿ ತರುವ ಸಪ್ಲೈಯರುಗಳು. ಬಣ್ಣದ ದೀಪ ಹಾಕಿ ಗೋಡೆಯ ಬಿರುಕು ಮುಚ್ಚುವ ಮಾಲೀಕರು. ಇದೆಲ್ಲವನ್ನೂ ಆಹಾ ಎಂದು ತಿಂದು ಹೋಗುವ ಗಿರಾಕಿಗಳ ಮೇಲೆ ಅವಳಿಗೆ ಎಲ್ಲರಿಗಿಂತ ಹೆಚ್ಚು ತಾತ್ಸಾರ. ಆ ಏಳು ವರ್ಷದಲ್ಲಿ ಅವಳು ಹೊಟ್ಟೆ ತುಂಬ ಉಂಡದ್ದು ಎಷ್ಟೋ ಸಲ. ಹಸಿದು ಉಂಡದ್ದು ನೆನಪಿರಲಿಲ್ಲ.

ಆ ಸಂಜೆ ಬಾರಿನ ಕಟ್ಟೆಯ ತುದಿಯಲ್ಲಿ ಒಬ್ಬ ಹಿರಿಯರು ನಾಲ್ಕು ಜನ ಗೆಳೆಯರ ನಡುವೆ ಕೂತಿದ್ದರು. ಬಾರಿನವನು ಅವರ ಗ್ಲಾಸು ತುಂಬಿಸುವಾಗ ಅವಳ ಕಣ್ಣು ಅಲ್ಲೇ ಇತ್ತು. ಬಾಟಲಿ ಎತ್ತಿದ, ಬಗ್ಗಿಸಿದ ಹಾಗೆ ಮಾಡಿದ... ಬಾಟಲಿಯ ಬಾಯಿಗೆ ಹೆಬ್ಬೆರಳು ಅಡ್ಡ. ಒಂದು ಹನಿಯೂ ಬೀಳಲಿಲ್ಲ. ಕಟ್ಟೆಯ ಕೆಳಗಿನಿಂದ ಬೇರೇನನ್ನೋ ಸುರಿದು, ಐಸು ಹಾಕಿ, ಗಂಭೀರವಾಗಿ ಮುಂದೆ ಇಟ್ಟ.

'ಕಳ್ಳ,' ಎಂದುಕೊಂಡಳು ಅವಳು. ಯಾಕೋ ಸ್ವಲ್ಪ ಬೇಜಾರೂ ಆಯಿತು.

ಮನೆಗೆ ಹೋಗಿ ಬರೆದಳು: 'ಗ್ಲಾಸಿನಲ್ಲಿ ತೋಟ ಬೆಳೆಸಿದ್ದಾರೆ, ಕುಡಿಯಲು ಜಾಗ ಬಿಟ್ಟಿಲ್ಲ. ಸಿಬ್ಬಂದಿ ನಗುವುದಿಲ್ಲ. ವಯಸ್ಸಾದ ಗಿರಾಕಿಯೊಬ್ಬರಿಗೆ ಮದ್ಯ ಹಾಕದೆಯೇ ಹಾಕಿದಂತೆ ತೋರಿಸಿದ್ದನ್ನು ಕಣ್ಣಾರೆ ನೋಡಿದ್ದೇನೆ.'

ಕಳಿಸಿ, ಹಲ್ಲುಜ್ಜಿ ಮಲಗಿದಳು.

ಎರಡು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ, ಕಂಪನಿಯ ಪಟ್ಟಿಯಲ್ಲಿಲ್ಲದ ಒಂದು ಪುಟ್ಟ ಹೋಟೆಲಿಗೆ ಅವಳು ಸುಮ್ಮನೆ ಹೊಕ್ಕಳು. ಆರು ಮೇಜು, ಒಂದಕ್ಕೆ ಕುಂಟುಕಾಲು. ಕಪ್ಪುಹಲಗೆಯ ಮೇಲೆ ಮೂರೇ ತಿನಿಸು. ಅಡುಗೆಮನೆಯ ಕಿಂಡಿಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದವನ ಮುಖ ಕಂಡು ಅವಳ ಕಾಲು ಅಲ್ಲೇ ನಿಂತಿತು.

"ಹೂವಿನವರು!" ಎಂದ ಅವನು.

ಅವಳು ಓಡಿಹೋಗಬಹುದಿತ್ತು. ಕೂತಳು.

ಹೋಟೆಲು ಅವನ ಚಿಕ್ಕಮ್ಮನದು. ದಪ್ಪ ಕನ್ನಡಕ, ಮೊಣಕೈವರೆಗೆ ಹಿಟ್ಟು, ಬಾಯಿಗೆ ಬಿಡುವಿಲ್ಲ. "ಏನಮ್ಮಾ, ಮೀನೋ ಕೋಳಿಯೋ? ಮೀನು ತಗೋ, ಕೋಳಿ ಇವನು ಮಾಡಿದ್ದು," ಎಂದರು.

"ಬಾರು ಬಿಟ್ಟು ಬಂದ್ರಾ?" ಎಂದು ಅವಳು ಕೇಳಿದಳು. ದನಿ ಸಹಜವಾಗಿಯೇ ಬಂತು. ಅಭ್ಯಾಸ.

"ಬಿಡಿಸಿದ್ರು. ಯಾರೋ ಗುಟ್ಟಾಗಿ ಬಂದು ಕೂತು, ನಾನು ಕಳ್ಳ ಅಂತ ಬರೆದು ಹೋಗಿದ್ರು. ಮಾಲೀಕರು ಎಲ್ಲರ ಮುಂದೆ ಜೋರಾಗಿ ಓದಿದ್ರು." ಅವನು ಈರುಳ್ಳಿಯನ್ನು ಎರಡು ಹೋಳು ಮಾಡಿದ. "ಚಾಡಿ ಬರೆದು ಅನ್ನ ತಿನ್ನೋ ಕೆಲಸ. ಥೂ... ಅಂಥವರ ಗಂಟಲಲ್ಲಿ ಅದು ಹೇಗೆ ಇಳಿಯುತ್ತೋ."

ಮೀನು ಚೆನ್ನಾಗಿತ್ತು. ಇಳಿಯಲಿಲ್ಲ.

ಹೇಳಬೇಕಿತ್ತು. ಆಗಲೇ ಹೇಳಬೇಕಿತ್ತು. 'ಕದ್ದಿದ್ದು ನೀವು, ಬರೆದಿದ್ದು ನಾನು, ಲೆಕ್ಕ ಸರಿ ಹೋಯ್ತು' ಎಂದು ಎದ್ದು ಬರಬಹುದಿತ್ತು. ಬದಲಿಗೆ ಮರುದಿನವೂ ಹೋದಳು. ಅದರ ಮರುದಿನವೂ.

ಯಾಕೆಂದರೆ ಅವನ ಜೊತೆ ಮಾತಾಡುವುದು ಸುಖವಾಗಿತ್ತು. ಅವಳಷ್ಟೇ ಕೆಟ್ಟ ಬಾಯಿ ಇರುವ ಇನ್ನೊಬ್ಬ ಮನುಷ್ಯ ಈ ಊರಲ್ಲಿದ್ದಾನೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ. ಊಟದ ಗದ್ದಲ ಮುಗಿದ ಮೇಲೆ ಕುಂಟುಕಾಲಿನ ಮೇಜಿನಲ್ಲಿ ಎದುರುಬದುರು ಕೂತು ಇಬ್ಬರೂ ಬೀದಿಯನ್ನು ಜರೆಯುತ್ತಿದ್ದರು.

"ಆ ಮೂಲೆ ಹೋಟೆಲಿನ ಮೆನು ಓದಿದೀರಾ? 'ಮೋಡದಂಥ ಆಲೂಗಡ್ಡೆ'ಯಂತೆ."

"ತಿಂದಿದೀನಿ. ಮೋಡವೇ. ಕೈಗೇ ಸಿಗಲ್ಲ."

"ಅದಕ್ಕೇ ಜನ ಸಾಲು ನಿಲ್ತಾರೆ."

"ಸಾಲು ಕಂಡರೆ ನಿಲ್ಲೋ ಜಾತಿ ಅದು. ಮುಂದೆ ಏನಿದೆ ಅಂತ ಕೇಳಲ್ಲ."

ಹೀಗೆ ಜರೆಯುತ್ತಲೇ ಅವನು ಮೀನಿನ ಮುಳ್ಳು ಬಿಡಿಸಿ ಅವಳ ತಟ್ಟೆಗೆ ಹಾಕುತ್ತಿದ್ದ. ಅವಳು ಜರೆಯುತ್ತಲೇ ತಿನ್ನುತ್ತಿದ್ದಳು. ಇಬ್ಬರೂ ಅದನ್ನು ಗಮನಿಸದವರಂತೆ ಇರುತ್ತಿದ್ದರು. ಚಿಕ್ಕಮ್ಮ ಮಾತ್ರ ಕಿಂಡಿಯಿಂದ ನೋಡಿ, ಕನ್ನಡಕ ಒರೆಸಿಕೊಂಡು ಮತ್ತೆ ನೋಡುತ್ತಿದ್ದರು.

"ಅವತ್ತು ಬಾರಿನಲ್ಲಿ ನಿಜ ಹೇಳಿದ ಗಿರಾಕಿ ನೀವೊಬ್ಬರೇ," ಎಂದ ಅವನು ಒಂದು ದಿನ. "ಹೂವು ಚೆನ್ನಾಗಿದೆ ಅಂದ್ರಿ. ಅದನ್ನ ನೆನೆಸ್ಕೊಂಡು ಎರಡು ದಿನ ನಗ್ತಿದ್ದೆ."

'ನಾಳೆ ಹೇಳ್ತೀನಿ,' ಎಂದುಕೊಂಡಳು ಅವಳು. ಆ ನಾಳೆ ಮೂರು ವಾರ ಬರಲಿಲ್ಲ.

ಕೊನೆಗೆ ಅವಳು ಹೇಳಲಿಲ್ಲ, ಸಿಕ್ಕಿಬಿದ್ದಳು.

ಅಂದು ಅವನು ಸೊಪ್ಪು, ಸೌತೆಕಾಯಿ, ಮೂಲಂಗಿ ಎಲ್ಲ ರಾಶಿ ಹಾಕಿ ಒಂದು ಸಲಾಡು ಮಾಡಿ ತಂದ. ತಾನೇ ಯೋಚಿಸಿ ಮಾಡಿದ್ದು ಎಂಬ ಹೆಮ್ಮೆ ಬೇರೆ. ಅವಳು ನೋಡಿ, ಎಂದಿನ ಹಗುರ ದನಿಯಲ್ಲಿ ಅಂದಳು:

"ತಟ್ಟೆಯಲ್ಲಿ ತೋಟ ಬೆಳೆಸಿದೀರಿ. ತಿನ್ನೋಕೆ ಜಾಗ ಬಿಟ್ಟಿಲ್ಲ."

ಅವನ ಕೈ ಅಲ್ಲೇ ನಿಂತಿತು.

ಅವಳಿಗೂ ಆಗಲೇ ಕೇಳಿಸಿತು, ತನ್ನದೇ ಮಾತು. ಮಾಲೀಕರು ಹತ್ತು ಜನರ ಮುಂದೆ ಅವನಿಗೆ ಓದಿ ಹೇಳಿದ್ದ ಮಾತು.

"ನೀವಾ?"

ಅವಳು ತಲೆಯಾಡಿಸಿದಳು. ಸುಳ್ಳು ಹೇಳಲು ಆ ಕ್ಷಣ ಬಾಯಿ ಬರಲಿಲ್ಲ.

"ಇಷ್ಟು ದಿನ ಇಲ್ಲಿ ಕೂತು ತಿಂದಿದ್ದೂ ಬರೆಯೋಕೇನಾ?"

"ಅಲ್ಲ. ಇಲ್ಲಿಗೆ..."

"ಚಿಕ್ಕಮ್ಮನ ಮೇಜು ಕುಂಟುತ್ತೆ ಅಂತ ಬರೆದ್ರಾ? ನಾನು ನಕ್ಕಿದ್ದು ಲೆಕ್ಕ ಹಾಕಿದ್ರಾ?"

"ನೀವು ಕದ್ದಿದ್ದನ್ನ ನಾನು ಕಣ್ಣಾರೆ ನೋಡಿದೆ," ಎಂದಳು ಅವಳು. ಹೆದರಿದಾಗ ಅವಳಿಗೆ ಬರುತ್ತಿದ್ದದ್ದು ಆ ಒಂದೇ ದನಿ, ತಣ್ಣಗಿನ ದನಿ. "ಆ ಹಿರಿಯರ ಗ್ಲಾಸಿಗೆ ನೀವು ಒಂದು ಹನಿ ಹಾಕಲಿಲ್ಲ. ಹಾಕಿದ ಹಾಗೆ ನಾಟಕ ಮಾಡಿದ್ರಿ. ಇಲ್ಲ ಅಂತ ಹೇಳಿ ನೋಡೋಣ."

ಅವನು ಅವಳನ್ನು ನೋಡಿದ ನೋಟದಲ್ಲಿ ಸಿಟ್ಟಿದ್ದರೆ ಸಹಿಸಬಹುದಿತ್ತು. ಅದರಲ್ಲಿ ಇದ್ದದ್ದು ತಾತ್ಸಾರ. ಏಳು ವರ್ಷ ಅವಳು ಇಡೀ ಊರನ್ನು ನೋಡಿದ ಅದೇ ನೋಟ. ತನ್ನ ಮೇಲೆ ಬಿದ್ದಾಗ ಅದು ಹೇಗಿರುತ್ತದೆ ಎಂದು ಅವಳಿಗೆ ಗೊತ್ತಾದದ್ದು ಅಂದು.

"ಊಟ ಮುಗಿಸಿ ಹೋಗಿ," ಎಂದು ಒಳಗೆ ನಡೆದ.

ಚಿಕ್ಕಮ್ಮ ಬಾಗಿಲವರೆಗೆ ಬಂದರು. ಅವರ ದನಿಯಲ್ಲಿ ಬೈಗುಳ ಇರಲಿಲ್ಲ, ಅದೇ ಹೆಚ್ಚು ನೋಯಿಸಿತು.

"ಆ ಹಿರಿಯರು ಹಲ್ಲಿನ ಡಾಕ್ಟರು ಕಣಮ್ಮಾ, ರಿಟೈರಾದವರು. ಲಿವರು ಕೆಟ್ಟು ಎರಡು ವರ್ಷ ಆಯ್ತು, ಒಂದು ಹನಿ ಮುಟ್ಟಬಾರದು. ಮನೇಲಿ ಯಾರೂ ಇಲ್ಲ, ಇರೋದು ಆ ನಾಲ್ಕು ಗೆಳೆಯರು, ಆ ಬಾರು. ಅವರ ಮುಂದೆ ಜ್ಯೂಸು ಹಿಡಿದು ಕೂರೋಕೆ ಮನುಷ್ಯನಿಗೆ ನಾಚಿಕೆ. ಯಾರಿಗೂ ಗೊತ್ತಾಗದ ಹಾಗೆ ಕೊಡಪ್ಪಾ ಅಂತ ಇವನ ಹತ್ರ ಮಾತು ತಗೊಂಡಿದ್ರು. ಅದಕ್ಕೇ ಇವನು ಅಲ್ಲಿ ಬಾಯಿ ಬಿಡಲಿಲ್ಲ."

"ಈಗ ಅವರು...?"

"ಹೊಸಬ ಬಂದ. ಅವನ ಹತ್ರ ಹೇಗೆ ಹೇಳ್ತಾರೆ? ಕೊಟ್ಟಿದ್ದನ್ನ ಕುಡಿದ್ರು. ಈಗ ಆಸ್ಪತ್ರೇಲಿದಾರೆ."

ಅವಳು ಬೀದಿಗಿಳಿದಳು. ಎಲ್ಲಿಗೆ ನಡೆಯುತ್ತಿದ್ದೇನೆ ಎಂದು ನಾಲ್ಕು ತಿರುವು ದಾಟುವವರೆಗೂ ಗೊತ್ತಿರಲಿಲ್ಲ.

ಮರುದಿನ ಆಸ್ಪತ್ರೆಯ ಕೋಣೆಯಲ್ಲಿ ಹಲ್ಲಿನ ಡಾಕ್ಟರು ಹಳದಿಗಟ್ಟಿದ ಮುಖ ಹೊತ್ತು, ತಟ್ಟೆಯಲ್ಲಿದ್ದ ಗಂಜಿಯನ್ನು ಶತ್ರುವಿನಂತೆ ನೋಡುತ್ತಿದ್ದರು. ಅವಳು ನಿಂತೇ ಎಲ್ಲವನ್ನೂ ಹೇಳಿದಳು. ತಾನು ಯಾರು, ಏನು ನೋಡಿದೆ, ಏನು ಬರೆದೆ. ಅವರು ಗಂಜಿಯ ಚಮಚ ಕೆಳಗಿಟ್ಟರು.

"ಕಣ್ಣಿಗೆ ಕಂಡಿದ್ದನ್ನ ಬರೆದ್ರಿ," ಎಂದರು. "ಅದರಲ್ಲಿ ತಪ್ಪಿಲ್ಲ. ಒಂದು ಮಾತು ಕೇಳಬಹುದಿತ್ತು."

"ಕೇಳೋದು ನಮ್ಮ ಕೆಲಸದಲ್ಲಿ ಇಲ್ಲ ಸಾರ್."

"ಹಾಗಾದ್ರೆ ಕೆಟ್ಟ ಕೆಲಸ."

"ಹೌದು ಸಾರ್."

"ಕುಡಿದವನು ನಾನು. ಎರಡು ತಿಂಗಳು, ಬರೀ ಮರ್ಯಾದೆಗೆ ಹೆದರಿ. ಆ ಭಾಗ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ, ಅದು ನನ್ನ ಮೂರ್ಖತನ." ಗಂಜಿಯ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದರು. "ಆದರೆ ಆ ಹುಡುಗ ಕಳ್ಳ ಅಲ್ಲ."

"ನಾನು ನಿಜ ಬರೆದು ಕೊಡಬೇಕು ಅಂತಿದೀನಿ. ನಿಮ್ಮ ವಿಷಯ ಬರೀದೆ ಆಗಲ್ಲ. ನೀವು ಬೇಡ ಅಂದ್ರೆ..."

"ಬರೀರಿ. ಇಡೀ ವಾರ್ಡಿಗೆ ನನ್ನ ಲಿವರಿನ ಕಥೆ ಗೊತ್ತು. ಗೆಳೆಯರೂ ಬಂದು ಬೈದು ಹೋದ್ರು. ಬಾರು ಬಿಟ್ಟು ಸಂಜೆ ಇಲ್ಲೇ ಬಂದು ಕೂರ್ತಾರೆ. ಎಷ್ಟು ಗಲಾಟೆ ಅಂತೀರಿ, ನರ್ಸು ದಿನಾ ಓಡಿಸ್ತಾರೆ."

ಗುಟ್ಟಿನ ಗಿರಾಕಿ ತನ್ನ ಹೆಸರು ಹೇಳಬಾರದು. ಅವಳ ಕಂಪನಿಯಲ್ಲಿ ಅದೊಂದೇ ಮುರಿಯಬಾರದ ನಿಯಮ. ಅವಳು ಎರಡು ಪುಟ ಬರೆದು, ಕೆಳಗೆ ಪೂರ್ತಿ ಹೆಸರು ಹಾಕಿ ಸಹಿ ಮಾಡಿ, ಬಾರಿನ ಮಾಲೀಕರ ಕೈಗೇ ಕೊಟ್ಟಳು. 'ನಾನು ನೋಡಿದ್ದು ನಿಜ, ತಿಳಿದುಕೊಂಡದ್ದು ಸುಳ್ಳು. ನನ್ನ ಮೊದಲ ವರದಿಯನ್ನು ಯಾರ ಮುಂದೆ ಓದಿದಿರೋ ಅವರ ಮುಂದೆಯೇ ಇದನ್ನೂ ಓದಬೇಕು.'

ಸಂಜೆಯೊಳಗೆ ಅವಳ ಕೆಲಸ ಹೋಯಿತು. ಮ್ಯಾನೇಜರು ಬೇಸರದ ಮುಖ ಮಾಡಿದ. ಆ ಮುಖಕ್ಕೆ ನಲವತ್ತಕ್ಕೆ ಎಷ್ಟು ಅಂಕ ಕೊಡಬಹುದು ಎಂದು ಅವಳಿಗೆ ಯೋಚನೆ ಬರಲಿಲ್ಲ. ಅದು ಅವಳಿಗೇ ಆಶ್ಚರ್ಯ.

ಆಮೇಲೆ ಹನ್ನೆರಡು ದಿನ ಏನೂ ಆಗಲಿಲ್ಲ. ಡಾಕ್ಟರಿಗೆ ಮಾತ್ರ ವಿಳಾಸ ಕೊಟ್ಟು ಅಕ್ಕನ ಮನೆಗೆ ಬಂದಿದ್ದಳು. ಮಲಗಿದಳು, ಎದ್ದಳು, ಕಿಟಕಿ ನೋಡಿದಳು. ಚಿಕ್ಕಮ್ಮನ ಹೋಟೆಲಿನ ಬೀದಿಯ ಕಡೆಗೆ ಕಾಲು ಎಳೆಯುತ್ತಿತ್ತು. ಹೋಗಲಿಲ್ಲ. ಕ್ಷಮೆ ಕೇಳುವ ನೆವದಲ್ಲಿ ಮತ್ತೆ ಅವರ ಮೇಜಿಗೆ ಹೋಗಿ ಕೂರುವುದು ಅವಳಿಗೆ ಹೇಸಿಗೆ ಎನಿಸಿತ್ತು.

ಹದಿಮೂರನೆಯ ದಿನ ಮಧ್ಯಾಹ್ನ ಅಕ್ಕ ಬೈದು ಹೊರಗೆ ಅಟ್ಟಿದಳು. "ಬೀದಿ ಕೊನೇಲಿ ಏನೋ ಹೊಸ ಹೋಟೆಲಂತೆ. ಹೋಗಿ ಮನುಷ್ಯರ ಥರ ಏನಾದ್ರೂ ತಿನ್ನು."

ಹೊಸ ಹೋಟೆಲಿನ ಸೂಪು ನೀರು. ಬ್ರೆಡ್ಡು ನಿನ್ನೆಯದು. ಗೋಡೆಗೆ ಪ್ಲಾಸ್ಟಿಕ್ಕಿನ ಬಳ್ಳಿ. ಆದರೆ ಅವಳಿಗೆ ಹಸಿವಾಗಿತ್ತು, ನಿಜವಾಗಿಯೂ ಹಸಿವಾಗಿತ್ತು. ಬ್ರೆಡ್ಡು ಮುರಿದು ಸೂಪಿನಲ್ಲಿ ಅದ್ದಿ ತಿನ್ನುತ್ತಿದ್ದಾಗ ಎದುರಿನ ಕುರ್ಚಿ ಎಳೆದ ಸದ್ದಾಯಿತು.

ಅವನು.

"ಡಾಕ್ಟರು ವಿಳಾಸ ಕೊಟ್ಟರು. ನಿಮ್ಮಕ್ಕ ಇಲ್ಲಿದೀರಿ ಅಂದ್ರು." ಅವಳ ಚಮಚ ತೆಗೆದುಕೊಂಡು ಸೂಪು ಕುಡಿದು ಮುಖ ಕಿವುಚಿದ. "ಅಯ್ಯೋ. ಪಾತ್ರೆ ತೊಳೆದ ನೀರು ಇದಕ್ಕಿಂತ ಗಟ್ಟಿ ಇರುತ್ತೆ."

ಅವಳು ಬ್ರೆಡ್ಡಿನ ತಟ್ಟೆಯನ್ನೂ ಅವನ ಕಡೆಗೆ ಸರಿಸಿದಳು.

"ಮಾಲೀಕರು ನಿಮ್ಮ ಕಾಗದ ಎಲ್ಲರ ಮುಂದೆ ಓದಿದ್ರಂತೆ. ನನ್ನ ವಾಪಸ್ ಕರೆದ್ರು."

"ಹೋಗ್ತೀರಾ?"

"ಇಲ್ಲ. ಆ ಹೂವು ಜೋಡಿಸೋ ಕೆಲಸ ಸಾಕು. ಚಿಕ್ಕಮ್ಮನ ಹತ್ರ ನಾಲ್ಕು ಗ್ಲಾಸು ಇಡೋಕೆ ಜಾಗ ಕೇಳಿದೀನಿ." ಚಮಚ ಕೆಳಗಿಟ್ಟ. "ನಿಮ್ಮ ಮೇಲೆ ಸಿಟ್ಟು ಇನ್ನೂ ಹೋಗಿಲ್ಲ."

"ಗೊತ್ತು."

"ಹೋದ ಮೇಲೆ ಬರೋಣ ಅಂತಿದ್ದೆ. ಹನ್ನೆರಡು ದಿನ ಕಾದೆ. ಅದು ಹೋಗ್ತಿಲ್ಲ, ನನಗೂ ಇರೋಕಾಗ್ತಿಲ್ಲ. ಅದಕ್ಕೇ ಸಿಟ್ಟು ಇಟ್ಕೊಂಡೇ ಬಂದೆ."

ಅವಳ ಕಣ್ಣು ತುಂಬಿತು. ಒರೆಸಿಕೊಳ್ಳಲು ಹೋಟೆಲಿನ ಕರವಸ್ತ್ರ ಎತ್ತಿದಳು. ಅದೂ ಜಿಡ್ಡು. ಕೆಳಗಿಟ್ಟು ಅಂಗೈಯಲ್ಲೇ ಒರೆಸಿಕೊಂಡಳು.

"ನಾನು ಕೇಳಬೇಕಿತ್ತು," ಎಂದಳು. "ಅವತ್ತೇ. ಅವರಿಗೆ ಏನು ಹಾಕಿದ್ರಿ, ಯಾಕೆ ಹಾಕಿದ್ರಿ ಅಂತ. ಕೇಳಿದ್ರೆ ಸಾಕಿತ್ತು. ನನಗೆ ಯಾರನ್ನೂ ಏನೂ ಕೇಳಿ ಅಭ್ಯಾಸ ಇಲ್ಲ."

"ಈಗ ಕೇಳಿ."

"ಏನಂತ?"

"ಏನು ಬೇಕಾದ್ರೂ."

ಅವಳು ಅವನ ಕೈ ನೋಡಿದಳು. ಈರುಳ್ಳಿ ಹೆಚ್ಚಿ ಬೆರಳ ತುದಿಗೆ ಸಣ್ಣ ಗೀರು.

"ನನ್ನ ಜೊತೆ ಇರ್ತೀಯಾ?" ಎಂದು ಕೇಳಿದಳು. ದನಿ ಅವಳದೇ ಅಲ್ಲವೆಂಬಷ್ಟು ಚಿಕ್ಕದಾಗಿತ್ತು.

"ಇರೋಕೇ ಬಂದಿದ್ದು." ಮೇಜಿನ ಮೇಲಿದ್ದ ಅವಳ ಕೈ ಹಿಡಿದ. "ಚಿಕ್ಕಮ್ಮ ದಿನಾ ಕೇಳ್ತಾರೆ, ಆ ಉರಿಮುಖದ ಹುಡುಗಿ ಬರಲ್ವಾ ಅಂತ," ಎಂದ.

"ನೀನೇನಂದೆ?"

"ಕರ್ಕೊಂಡು ಬರ್ತೀನಿ ಅಂದೆ. ಮುಖ ಮಾತ್ರ ಹಾಗೇ ಇರುತ್ತೆ, ಅದು ನನಗೆ ಬೇಕು ಅಂದೆ."