ಕರೆಯದೆ ಬಂದ ವಿದ್ಯೆಗಳು

ಗಿಳಿ ನುಡಿಯುತ್ತಿದ್ದ, ಬಂಡೆ ಕಿವಿಗೊಡುತ್ತಿದ್ದ ಕಾಲ. ಆಗ ಹೊಂಗಿರಿ ಎಂಬ ರಾಜ್ಯವನ್ನು ಮಾರಭೂಪನೆಂಬ ರಾಜ ಆಳುತ್ತಿದ್ದ. ರಾಜ್ಯದ ನಡುವೆ ಒಂದು ಬೆಟ್ಟ, ಬೆಟ್ಟದ ಮೇಲೆ ವಿದ್ಯೆಗಳ ವಾಸ. ಗಣಿತವೆಂದರೆ ಬಿಳಿಯಾನೆ. ವ್ಯಾಕರಣವೆಂದರೆ ಹೊನ್ನಿನ ಹಾವು. ಆಕಾಶಶಾಸ್ತ್ರ ನೀಲಿ ಹಕ್ಕಿ. ಅದು ರೆಕ್ಕೆ ಬಿಚ್ಚಿದರೆ ಊರಿಗೆಲ್ಲ ನೆರಳು. ಮಗು ತಾನಾಗಿ ಏನಾದರೂ ಕೇಳಿದರೆ ಮಾತ್ರ ಅವು ಕೆಳಗಿಳಿಯುತ್ತಿದ್ದವು. ಕರೆಯದೆ ಯಾರ ಮನೆಗೂ ಹೋಗಬಾರದು ಎಂಬುದು ಬೆಟ್ಟದ ಕಟ್ಟಳೆ.

ಅಷ್ಟು ದಿನ ಕಾಯಲು ರಾಜನಿಗೆ ತಾಳ್ಮೆ ಬೇಕಲ್ಲ. ಮಗ ಬೊಮ್ಮರಸನಿಗೆ ಇನ್ನೂ ಆರು ವರ್ಷ, ಹಾಲುಹಲ್ಲು ಆಗಷ್ಟೇ ಅಲ್ಲಾಡುತ್ತಿತ್ತು. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ?" ಎಂದು ರಾಜ ತ್ವರಿತಾಕ್ಷನೆಂಬ ಮಾಂತ್ರಿಕನನ್ನು ಕರೆಸಿದ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರಿಗೆ ಏನು ಹೇಳೋಣ? ಮಾಂತ್ರಿಕನ ಕೊರಳಲ್ಲಿ ಒಂದು ಒಣ ಸೋರೆಬುರುಡೆ ನೇತಾಡುತ್ತಿತ್ತು. ಕರೆಯದ ವಿದ್ಯೆ ಮೈಮೇಲೆ ಬಿದ್ದ ಮಕ್ಕಳ ಪ್ರಶ್ನೆಗಳೆಲ್ಲ ಅವರನ್ನು ಬಿಟ್ಟು ಆ ಬುರುಡೆ ಸೇರುತ್ತಿದ್ದವು. ಅದೇ ಅವನ ಬಲ.

ಅವನು ಮಂತ್ರ ಹಾಕಿ ಮೂರು ವಿದ್ಯೆಗಳನ್ನೂ ಒಟ್ಟಿಗೆ ಎಳೆದು ತಂದ. ಆನೆ ಬೊಮ್ಮನ ಎದೆಯ ಮೇಲೆ ಕಾಲಿಟ್ಟಿತು. ಹಾವು ನಾಲಗೆಗೆ ಸುತ್ತಿಕೊಂಡಿತು. ಹಕ್ಕಿ ಕಣ್ಣಿನ ಮೇಲೆ ರೆಕ್ಕೆ ಹರಡಿತು. ಪಂಡಿತರು ಏನು ಕೇಳಿದರೂ ಬೊಮ್ಮ ಪಟಪಟನೆ ಉತ್ತರ ಹೇಳಿದ. ಸಭೆಯೆಲ್ಲ ಭೇಷ್ ಎಂದಿತು.

ಅಕ್ಕ ಸೋಮಲೆ ಮಾತ್ರ ತಮ್ಮನ ಕಾಲು ನೋಡುತ್ತಿದ್ದಳು. ಬೆರಳುಗಳು ಕಲ್ಲಾಗಿದ್ದವು.

"ಸೂರ್ಯ ನೆತ್ತಿಗೆ ಬರುವಷ್ಟರಲ್ಲಿ ಪೂರ್ತಿ ಕಲ್ಲಾಗುತ್ತಾನೆ," ಎಂದು ತ್ವರಿತಾಕ್ಷ ನಕ್ಕ. "ಉತ್ತರ ಹೇಳುವ ವಿಗ್ರಹ. ಇಂಥವು ನನ್ನ ಮನೆಯಲ್ಲಿ ಸಾಲುಸಾಲಾಗಿವೆ. ಅಷ್ಟರೊಳಗೆ ಇವನಾಗಿ ಒಂದೇ ಒಂದು ಪ್ರಶ್ನೆ ಕೇಳಿದರೆ ಬಿಟ್ಟು ಹೋಗುತ್ತೇನೆ."

ರಾಜ ಕುಸಿದು ಕೂತ. ಸೋಮಲೆ ಆನೆಯ ಮುಂದೆ ಕೈಮುಗಿದು ನಿಂತಳು. "ಗಜರಾಜ, ನನ್ನ ತಮ್ಮನ ಎದೆಯಿಂದ ಇಳಿ."

"ಇಳಿಯುತ್ತೇನೆ. ಮತ್ತೆ ಯಾವಾಗ ಬರಲಿ, ಸರಿಯಾಗಿ ಹೇಳು."

"ಗೆಳೆಯರ ಜೊತೆ ಹಲಸಿನ ತೊಳೆ ಹಂಚಿಕೊಳ್ಳುವಾಗ 'ನಿನಗೆ ಜಾಸ್ತಿ, ನನಗೆ ಕಮ್ಮಿ' ಎಂದು ಜಗಳ ಬರುತ್ತದಲ್ಲ, ಆಗ ಬಾ."

ಆನೆ ಸಂತೋಷದಿಂದ ಕಿವಿ ಬಡಿಯಿತು. ಮೆಲ್ಲಗೆ ಕಾಲೆತ್ತಿ ಪಕ್ಕಕ್ಕೆ ನಿಂತಿತು.

ಕಲ್ಲು ಮೊಣಕಾಲಿಗೆ ಏರಿತ್ತು. "ನಾನು ಯಾವಾಗ ಬರಲಿ?" ಎಂದಿತು ಹಾವು.

"ಮೊದಲು ಅವನು ಬಾಯಿತುಂಬ ಹರಟಲಿ, ಕತೆ ಕಟ್ಟಲಿ, ಸುಳ್ಳು ಹೇಳಿ ಸಿಕ್ಕಿಬೀಳಲಿ. ಒಂದು ಮಾತು ಯಾಕೆ ಚೆಂದ, ಇನ್ನೊಂದು ಯಾಕೆ ಚೆಂದವಿಲ್ಲ ಎಂದು ಅವನಿಗೇ ಅನ್ನಿಸಿದಾಗ ಬಾ."

ಹಾವು ಸುರುಳಿ ಬಿಚ್ಚಿ ಇಳಿದು ಹೋಯಿತು.

ಕಲ್ಲು ಸೊಂಟಕ್ಕೆ ಬಂದಿತ್ತು. "ನಾನು?" ಎಂದಿತು ಹಕ್ಕಿ. ಸೋಮಲೆ ತಡಮಾಡಲಿಲ್ಲ. "ನೀನು ಎಲ್ಲರಿಗಿಂತ ದೊಡ್ಡದು. ಮಿಕ್ಕ ವಿದ್ಯೆಗಳೆಲ್ಲ ಮುಗಿದು, ಮೀಸೆ ಚಿಗುರಿದ ಮೇಲೆ ಬಾ."

"ತಪ್ಪು," ಎಂದಿತು ಹಕ್ಕಿ. ಅರಮನೆಯೆಲ್ಲ ಕತ್ತಲಾಯಿತು. ಕಲ್ಲು ಒಮ್ಮೆಗೇ ಕೊರಳಿಗೆ ಏರಿತು. "ಇನ್ನೊಂದು ಸಲ ಹೇಳು. ಅದೇ ಕೊನೆ."

ಎಷ್ಟಾದರೂ ಅವಳೂ ಆ ಅಪ್ಪನ ಮಗಳೇ, ಅವಸರಪಟ್ಟಿದ್ದಳು. ದೊಡ್ಡದೆಲ್ಲ ದೊಡ್ಡವರಿಗೆ, ಚಿಕ್ಕದೆಲ್ಲ ಚಿಕ್ಕವರಿಗೆ ಎಂದುಕೊಂಡಿದ್ದಳು. ತಮ್ಮನ ತಲೆ ಸವರಿದಳು. ಆಗ ನೆನಪಾಯಿತು. ಸರಿಯಾಗಿ ಹೆಜ್ಜೆ ಇಡಲೂ ಬಾರದ ಬೊಮ್ಮ ಒಂದು ಸಂಜೆ ಅವಳ ಸೊಂಟದ ಮೇಲೆ ಕೂತು ಕೇಳಿದ್ದ: "ಅಕ್ಕಾ, ಚಂದಾಮಾಮ ಯಾಕೆ ನಮ್ಮ ಜೊತೆಗೇ ಬತ್ತಾನೆ?"

"ಹಕ್ಕಿಯೇ, ಅವನು ಎಲ್ಲರಿಗಿಂತ ಮೊದಲು ಕರೆದದ್ದು ನಿನ್ನನ್ನೇ. ನೀನು ಹೋಗಬೇಡ. ಅವನ ಅಂಗೈಗೆ ಹಿಡಿಸುವಷ್ಟಾಗು. ಅವನು ಬೆಳೆದ ಹಾಗೆ ನೀನೂ ಬೆಳೆ."

ಆಗ ನೋಡಿ, ಊರಗಲದ ಆ ಹಕ್ಕಿ ರೆಕ್ಕೆ ಮಡಿಸಿತು, ಮತ್ತೆ ಮಡಿಸಿತು, ಮಡಿಸುತ್ತ ಮಡಿಸುತ್ತ ಗುಬ್ಬಿಯಷ್ಟಾಗಿ ಕಲ್ಲಿನ ಅಂಗೈಯಲ್ಲಿ ಕೂತಿತು. ಹೇಳುವ ನನಗೇ ಮೈ ಜುಮ್ಮೆನ್ನುತ್ತದೆ. ಬೊಮ್ಮ ಕಣ್ಣು ಬಿಟ್ಟ. ಕಿಟಕಿಯಾಚೆ ಪಡುವಣದಲ್ಲಿ ಮಾಸಿದ ಚಂದ್ರ ಕಾಣುತ್ತಿದ್ದ.

"ಅಕ್ಕಾ, ಹಗಲಾದರೂ ಚಂದಾಮಾಮ ಯಾಕೆ ಇನ್ನೂ ಮನೆಗೆ ಹೋಗಿಲ್ಲ?"

ಸೋರೆಬುರುಡೆ ಬಿರಿಯಿತು. ಅದರೊಳಗಿನ ಪ್ರಶ್ನೆಗಳೆಲ್ಲ ಬೆಳಕಿನ ಹನಿಗಳಾಗಿ ಹಾರಿದವು. ಗಾಳಿ ಎಲ್ಲಿ ಮಲಗುತ್ತದೆ? ಮೀನಿಗೆ ಚಳಿಯಾಗುವುದಿಲ್ಲವೇ? ಅವು ತಾಗಿದಲ್ಲೆಲ್ಲ ಕಲ್ಲು ಮೈಯಾಯಿತು. ಮಾಂತ್ರಿಕನ ಮನೆಯ ವಿಗ್ರಹಗಳೂ ಮಕ್ಕಳಾಗಿ ಅಮ್ಮಂದಿರ ಬಳಿಗೆ ಓಡಿದವು. ಪ್ರಶ್ನೆಗಳು ತ್ವರಿತಾಕ್ಷನನ್ನೂ ಮುತ್ತಿದವು. ಉತ್ತರ ಸಿಗದ ಒಂದೊಂದು ಪ್ರಶ್ನೆಗೂ ಅವನು ಕುಗ್ಗಿದ. ಕೊನೆಗೆ ಉಳಿದದ್ದು ನಾಲ್ಕು ವರ್ಷದ ಒಂದು ಪೋರ, ಸುರಿವ ಮೂಗಿನವನು.

ರಾಜ ಕತ್ತಿಗೆ ಕೈ ಹಾಕಿದ. "ಬೇಡಪ್ಪ," ಎಂದಳು ಸೋಮಲೆ. "ಇವನನ್ನೂ ಯಾರೋ ಅವಸರಪಟ್ಟು ಬೆಳೆಸಿರಬೇಕು." ಅವನ ಮೂಗು ಒರೆಸಿ, ಮರಳಿನಲ್ಲಿ ಅಕ್ಷರ ತಿದ್ದುವ ಮಕ್ಕಳ ಸಾಲಿನಲ್ಲಿ ಕೂರಿಸಿದಳು.

ಹೊಂಗಿರಿಯ ಪಾಠಶಾಲೆಗಳನ್ನು ರಾಜ ಮಗಳ ಕೈಗೇ ಒಪ್ಪಿಸಿದ. ಅಂದಿನಿಂದ ಗುರುಗಳು ಮೊದಲು ಮಕ್ಕಳ ಮಾತು ಕೇಳುತ್ತಿದ್ದರು, ಆಮೇಲೆ ಬೆಟ್ಟದ ಕಡೆ ತಿರುಗಿ ಕರೆಯುತ್ತಿದ್ದರು. ಚಿಕ್ಕವರ ಬಳಿಗೆ ಆನೆ ಮರಿಯಾಗಿ ಬರುತ್ತಿತ್ತು, ದೊಡ್ಡವರ ಬಳಿಗೆ ದಂತ ತೂಗುತ್ತ ಬರುತ್ತಿತ್ತು.

ಆ ಪೋರ ಬಹಳ ದಿನ ಬೊಮ್ಮನ ಕೈಮೇಲಿನ ಹಕ್ಕಿಯನ್ನೇ ನೋಡುತ್ತಿದ್ದ. ಒಂದು ಬೆಳಿಗ್ಗೆ ಸೋಮಲೆಯ ಸೆರಗು ಜಗ್ಗಿದ.

"ಅಕ್ಕಾ, ಆ ಹಕ್ಕಿ ನನ್ನ ಕೈ ಮೇಲೂ ಕೂರುತ್ತದಾ?"

ಹಕ್ಕಿ ಹಾರಿ ಬಂದು ಕೂತಿತು. ಅವರೆಲ್ಲ ಅಲ್ಲಿ ತಣ್ಣಗಿದ್ದರು, ನಾವು ಇಲ್ಲಿ ತಣ್ಣಗಿರೋಣ.